ಫ್ರೆಂಚ್ ಕಾದಂಬರಿ ಇಷ್ಟು ಒಣಕಲು ಯಾಕೆ? ಕಮೂ, ಎರ್ನೊ, ಪೆರೆಕ್ ಓದಿದವರು ಸ್ವಲ್ಪ ಹೇಳಿ

ಹೊಸಪುಟ
ಇಂಗ್ಲಿಷ್ ಅನುವಾದದಲ್ಲಿ ಸಾಲಾಗಿ ಓದಿದ್ದು: ಕಮೂನ ‘ದಿ ಔಟ್‌ಸೈಡರ್’, ಅನಿ ಎರ್ನೊ ಅವರ ‘ಎ ಮ್ಯಾನ್ಸ್ ಪ್ಲೇಸ್’, ಜಾರ್ಜ್ ಪೆರೆಕ್‌ನ ‘ಲೈಫ್: ಎ ಯೂಸರ್ಸ್ ಮ್ಯಾನ್ಯುಅಲ್’. ಕೊನೆಯದು ಅರ್ಧಕ್ಕೆ ನಿಂತಿದೆ. ಮೂರಕ್ಕೂ ಒಂದೇ ಅನಿಸಿಕೆ: ಒಣಕಲು. ಸಾಲುಗಳಲ್ಲಿ ಪಸೆಯೇ ಇಲ್ಲ. ಒಬ್ಬನ ಅಮ್ಮ ಸಾಯ್ತಾಳೆ, ಇನ್ನೊಬ್ಬಳ ಅಪ್ಪ ಸಾಯ್ತಾನೆ, ಇಬ್ಬರೂ ವರದಿ ಒಪ್ಪಿಸಿದ ಹಾಗೆ ಹೇಳ್ತಾರೆ. ಮೂರನೆಯವನು ಮನೆಯ ಸಾಮಾನಿನ ಪಟ್ಟಿ ಓದ್ತಾನೆ. ಮೂಲದಲ್ಲೇ ಹೀಗಾ, ಅನುವಾದದ ತೊಂದರೆಯಾ?

ತುಂಗಾತೀರ
ಕಮೂನ ವಿಷಯದಲ್ಲಿ ಎರಡೂ. ಯಾವ ಅನುವಾದ ಅಂತ ಮೊದಲು ಮುಖಪುಟ ತಿರುಗಿಸಿ ನೋಡಿ. ಸ್ಟುವರ್ಟ್ ಗಿಲ್ಬರ್ಟ್ 1946ರದ್ದಾದರೆ ಮೊದಲ ಪದ ‘ಮದರ್’. ಮ್ಯಾಥ್ಯೂ ವಾರ್ಡ್ 1988ರದ್ದಾದರೆ ಫ್ರೆಂಚಿನ ‘ಮಾಮಾಂ’ ಹಾಗೇ ಉಳಿದಿದೆ. ಸ್ಯಾಂಡ್ರಾ ಸ್ಮಿತ್ 2012ರದ್ದಾದರೆ ‘ಮೈ ಮದರ್’.

ಇದೇನು ಮಹಾ ಅನ್ನಬೇಡಿ. ಮೊದಲ ಪ್ಯಾರಾದಲ್ಲೇ ಒಂದು ತಂತಿ ಬರುತ್ತೆ. ಅದರಲ್ಲಿ ಇರೋದು ‘ಮೇರ್’, ಅಂದ್ರೆ ‘ತಾಯಿ’. ನಮ್ಮಲ್ಲಾದರೆ ‘ತಾಯಿ ನಿಧನ, ನಾಳೆ ಅಂತ್ಯಕ್ರಿಯೆ’ ಅಂತ ಬರೋ ಥರದ ತಂತಿ. ಕಥೆ ಹೇಳೋ ಮರ್ಸೋ ತನ್ನ ಬಾಯಲ್ಲಿ ಹೇಳೋದು ಮಾತ್ರ ‘ಮಾಮಾಂ’, ಮಗು ಕರೆಯೋ ಮಾತು. ಆಫೀಸಿನ ಪದ ಒಂದು, ಮನೆಯ ಪದ ಒಂದು. ಗಿಲ್ಬರ್ಟ್‌ನಲ್ಲಿ ಎರಡಕ್ಕೂ ‘ಮದರ್’, ಅಲ್ಲಿಗೆ ಆ ವ್ಯತ್ಯಾಸ ಮುಗೀತು. ಓದುಗ ಮೊದಲ ಸಾಲಿಗೇ ‘ಈ ಮನುಷ್ಯನಿಗೆ ಕರುಳೇ ಇಲ್ಲ’ ಅಂತ ತೀರ್ಪು ಕೊಟ್ಟುಬಿಡ್ತಾನೆ. ಕಾದಂಬರಿಯ ಎರಡನೇ ಭಾಗದಲ್ಲಿ ಅವನ ಕೊಲೆ ಕೇಸು ಕೇಳೋ ಕೋರ್ಟು ಮಾಡೋದೂ ಅದನ್ನೇ.

ಲೈನ್ ಬಜಾರ್
ಅಲ್ರೀ, ಇದು ಕನ್ನಡದಾಗ ಎಷ್ಟ್ ಸಲೀಸು ನೋಡ್ರಿ. ತಂತಿಯೊಳಗ ‘ತಾಯಿ’, ಅವನ ಬಾಯಾಗ ‘ಅವ್ವ’. ಮುಗೀತು.

ಕಾಗುಣಿತ
ಅವ್ವ ಸರಿ ರೀ, ಮುಂದಿನ ಪದಕ್ಕೇನು ಮಾಡ್ತೀರಿ? ಸತ್ತಳಾ, ತೀರಿಕೊಂಡಳಾ, ಹೋಗಿಬಿಟ್ಟಳಾ? ಫ್ರೆಂಚಿನಲ್ಲಿ ಇರೋದು ‘ಮೋರ್ತ್’, ತೀರಾ ಸಾದಾ ಪದ. ‘ದೆಸೆದೆ’ ಅನ್ನೋ ಮರ್ಯಾದೆ ಪದ ತಂತಿಯಲ್ಲಿದೆ. ‘ಅವ್ವ ಸತ್ತಳು’ ಅಂದ್ರೆ ಕನ್ನಡದಲ್ಲಿ ಒರಟಾಯ್ತು, ಫ್ರೆಂಚಿನಲ್ಲಿ ಅಷ್ಟು ಒರಟಿಲ್ಲ. ನನ್ನ ಓಟು ‘ಅವ್ವ ತೀರಿಕೊಂಡಳು’ಗೆ. ‘ತೀರಿಕೊಂಡರು’ ಅಂತ ಬಹುವಚನ ಹಾಕಿದರೆ ಮರ್ಸೋ ಸತ್ಪುತ್ರನಾಗಿಬಿಡ್ತಾನೆ, ಕೋರ್ಟಿಗೆ ಕೆಲಸವೇ ಇರಲ್ಲ.

ಇನ್ನೊಂದು, ದಯವಿಟ್ಟು ವಾರ್ಡ್ ಮಾಡಿದ ಹಾಗೆ ‘ಮಾಮಾಂ’ ಅಂತ ಕನ್ನಡದಲ್ಲಿ ಬಿಡಬೇಡಿ. ಸೋದರಮಾವನಿಗೆ ಏನೋ ಆಯ್ತು ಅಂದುಕೊಳ್ತಾರೆ.

ಬಿಸಿ ಬಿಸಿ ಬೋಂಡಾ
😂😂 ಮಾಮ ತೀರಿಕೊಂಡರು, ಇವತ್ತೋ ನಿನ್ನೆಯೋ

ಅಂಚೆಪೆಟ್ಟಿಗೆ 560
ಒಣಕಲು ಅನಿಸೋದರ ಬೇರು ಇನ್ನೂ ಕೆಳಗಿದೆ, ಕ್ರಿಯಾಪದದಲ್ಲಿ. ಮುಗಿದ ಕೆಲಸ ಹೇಳೋಕೆ ಫ್ರೆಂಚಿನಲ್ಲಿ ಭೂತಕಾಲದ ಎರಡು ರೂಪ. ‘ಪಾಸೆ ಸಾಂಪ್ಲ್’ ಪುಸ್ತಕದಲ್ಲಿ ಮಾತ್ರ ಬರೋದು, ಯಾರೂ ಮಾತಾಡುವಾಗ ಬಳಸಲ್ಲ. ‘ಪಾಸೆ ಕೊಂಪೊಜೆ’ ಬಾಯಿಮಾತಿನದು. ಈ ಪುಸ್ತಕ ಬಂದ 1942ರಲ್ಲಿ ಕಾದಂಬರಿ ಅಂದ್ರೆ ಮೊದಲನೆಯದು ಅನ್ನೋದು ರೂಢಿ. ಕಮೂ ಹೆಚ್ಚುಕಡಿಮೆ ಇಡೀ ಪುಸ್ತಕವನ್ನ ಎರಡನೆಯದರಲ್ಲಿ ಬರೆದ. ಪುಸ್ತಕದ ರೂಪದಲ್ಲಿ ಒಂದು ಘಟನೆ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಹೋಗುತ್ತೆ. ಬಾಯಿಮಾತಿನ ರೂಪದಲ್ಲಿ ಪ್ರತಿ ಕೆಲಸವೂ ಅಲ್ಲಲ್ಲೇ ಮುಗಿದು ಬಿದ್ದಿರುತ್ತೆ. ಒಂದೊಂದು ವಾಕ್ಯವೂ ಒಂದೊಂದು ದ್ವೀಪ ಅಂತ ತತ್ವಜ್ಞಾನಿ ಸಾರ್ತ್ರ್ 1943ರಲ್ಲೇ ಬರೆದಿದ್ದ.

ಇಂಗ್ಲಿಷಿಗೆ ಈ ಎರಡು ರೂಪ ಇಲ್ಲ. ಹಾಗಾಗಿ ತುಂಡು ವಾಕ್ಯಗಳು ಮಾತ್ರ ದಾಟಿ ಬಂದವು, ‘ಇವನು ನಮ್ಮೆದುರು ಕೂತು ಮಾತಾಡ್ತಿದ್ದಾನೆ’ ಅನ್ನೋ ಅನುಭವ ಬರಲಿಲ್ಲ. ನಿಮಗೆ ಸಿಕ್ಕಿದ್ದು ಅರ್ಧ.

ಹೊಸಪುಟ
ಕನ್ನಡಕ್ಕೆ ತಂದರೂ ಅದೇ ಕಥೆ ತಾನೆ? ‘ಹೋದೆ’ ಅಂದ್ರೆ ಹೋದೆ.

ಅಂಚೆಪೆಟ್ಟಿಗೆ 560
ಅಲ್ಲ. ‘ಹೋದೆನು, ಕುಳಿತೆನು, ಕುಡಿದೆನು’ ಅಂತ ಓದಿ. ಆಮೇಲೆ ‘ಹೋದೆ, ಕೂತೆ, ಕುಡಿದೆ’ ಅಂತ ಓದಿ. ‘ನು’ ಇರೋದು ಪುಸ್ತಕದ್ದು, ಇಲ್ಲದ್ದು ಬಾಯಿಯದು. ಫ್ರೆಂಚಿನ ಜೋಡಿಗೆ ತೀರಾ ಹತ್ತಿರದ ಜೋಡಿ ನಮ್ಮಲ್ಲಿದೆ. ಶವಪೆಟ್ಟಿಗೆ ಪಕ್ಕದಲ್ಲಿ ಹಾಲು ಹಾಕಿದ ಕಾಫಿ ಕುಡಿಯೋ ಭಾಗವನ್ನ ಎರಡೂ ರೀತಿ ಬರೆದು ನೋಡಿ, ‘ನು’ ಬಿಟ್ಟ ಕೂಡಲೇ ಅವನು ಮನುಷ್ಯ ಆಗ್ತಾನೆ.

ತುಂಗಾತೀರ
ಪೂರ್ತಿ ಒಪ್ಪಲ್ಲ. ‘ಹೋದೆನು’ ಈಗ ಪುಸ್ತಕದಲ್ಲೂ ಸತ್ತಿದೆ, ಪೌರಾಣಿಕ ನಾಟಕದ ವಾಸನೆ ಹೊಡೆಯುತ್ತೆ. ಎದುರಿಗೆ ‘ನು’ ಜೀವಂತವಾಗಿದ್ದರೆ ತಾನೆ ‘ನು’ ಬಿಟ್ಟದ್ದು ಕಾಣೋದು? ಪಾಸೆ ಸಾಂಪ್ಲ್ ಫ್ರೆಂಚಿನ ಮಕ್ಕಳ ಕಥೆಯಲ್ಲಿ, ಪತ್ತೇದಾರಿಯಲ್ಲಿ ಇವತ್ತಿಗೂ ಉಸಿರಾಡ್ತಿದೆ.

ಅಂಚೆಪೆಟ್ಟಿಗೆ 560
ಒಪ್ಪಿದೆ. ಹತ್ತಿರದ ಜೋಡಿ ಅಂದೆ, ಅವಳಿ ಅನ್ನಲಿಲ್ಲ.

ಲಿಯೋಂ ಚಳಿ
ಫ್ರೆಂಚ್ ಕಲೀತಿರೋರಿಗೆ ಇಲ್ಲೊಂದು ಲಾಭ ಇದೆ. ಮೂಲದಲ್ಲಿ ಓದೋ ಮೊದಲ ಕಾದಂಬರಿ ‘ಲೆತ್ರಾಂಜೆ’ (ಕಮೂನ ಇದೇ ಪುಸ್ತಕದ ಫ್ರೆಂಚ್ ಹೆಸರು) ಇರಲಿ, ಫೋಲಿಯೊ ಪಾಕೆಟ್ ಮಾಲೆಯಲ್ಲಿ ಅದು ಎರಡನೇ ಸಂಖ್ಯೆ. ಕ್ಲಾಸಲ್ಲಿ ಕಲಿತ ಭೂತಕಾಲವೇ ಸಾಕಾಗುತ್ತೆ. ಬೇರೆ ಕಾದಂಬರಿಗೆ ಹೋದ ದಿನ ಎಡವೋದು ಗಿಡ್ಡ ರೂಪಗಳಲ್ಲಿ. ‘ಎತ್ರ್’ನ ‘ಫ್ಯು’, ‘ಫೇರ್’ನ ‘ಫಿ’, ‘ವ್ವಾರ್’ನ ‘ವಿ’, ‘ಅವ್ವಾರ್’ನ ‘ಯು’, ಈ ನಾಲ್ಕು ಬಾಯಿಪಾಠ ಮಾಡಿ. ಉಳಿದವಕ್ಕೆ ‘ಅವನು’, ‘ಅವರು’ ರೂಪ ಮಾತ್ರ ಗುರುತು ಸಿಕ್ಕರೆ ಸಾಕು, ಇಡೀ ಕೋಷ್ಟಕ ಉರು ಹೊಡೆಯೋದು ದಂಡ. ಎಲ್ಲರೂ ಅಲ್ಲೇ ಸುಸ್ತಾಗಿ ಪುಸ್ತಕ ಮುಚ್ಚಿಡೋದು.

ಲೈನ್ ಬಜಾರ್
ನೀನು-ನೀವು ಬಗ್ಗೆ ಯಾರೂ ಎತ್ತಲೇ ಇಲ್ಲಲ್ರೀ. ರೇಮೋಂ ಅನ್ನೋ ಪಕ್ಕದ ಮನಿಯಾಂವ ಮರ್ಸೋ ಕಡಿಂದ ಒಂದು ಕಾಗದ ಬರಸ್ಕೋತಾನ, ತನ್ನ ಗೆಣೆಕಾತಿಗೆ ಬುದ್ಧಿ ಕಲಸಾಕ. ಬರದು ಮುಗಿಯೂದ್ರಾಗ ಅಂವ ‘ನೀವು’ ಬಿಟ್ಟು ‘ನೀನು’ಕ್ಕ ಇಳದಿರ್ತಾನ. ಮರ್ಸೋಗ ಮೊದಲ ಗೊತ್ತಾಗಂಗಿಲ್ಲ. ‘ಈಗ ನೀನು ಖರೇ ದೋಸ್ತ’ ಅಂತ ಅಂದಾಗ ಥಟ್ಟನ ಹೊಳೀತೈತಿ. ಮುಂದ ಕೊಲಿಗೆ ಹೋಗೂ ದಾರಿ ಶುರು ಆಗೂದ ಆ ದೋಸ್ತಿಂದ. ಇಂಗ್ಲಿಷಿನಾಗ ‘ಯೂ’ ಒಂದ. ಅನುವಾದ ಮಾಡಾಂವ ಅಲ್ಲಿ ತೇಪಿ ಹಚ್ಚಬೇಕು. ನಮಗ ತೇಪಿ ಬ್ಯಾಡ.

ಕಾಗುಣಿತ
ಅದಕ್ಕೇ ಮಿಶೆಲ್ ಬ್ಯುತೋರ್ 1957ರಲ್ಲಿ ಬರೆದ ‘ಲಾ ಮೊದಿಫಿಕಾಸ್ಯೋಂ’ ಕನ್ನಡಕ್ಕೆ ಹೇಳಿ ಮಾಡಿಸಿದ್ದು. ಪ್ಯಾರಿಸ್‌ನಿಂದ ರೋಮಿಗೆ ರೈಲಿನಲ್ಲಿ ಹೊರಟವನ ಕಥೆ, ಹೆಂಡತಿಯನ್ನ ಬಿಟ್ಟು ರೋಮಿನ ಪ್ರೇಯಸಿಯನ್ನ ಪ್ಯಾರಿಸ್ಸಿಗೆ ಕರೆತರ್ತೀನಿ ಅಂತ ಹತ್ತಿರ್ತಾನೆ. ಇಡೀ ಪುಸ್ತಕ ‘ನೀವು’ ಅಂತ ಸಂಬೋಧಿಸುತ್ತೆ: ನೀವು ಎಡಗಾಲು ಇಟ್ಟಿರಿ, ನೀವು ಕಂಪಾರ್ಟ್‌ಮೆಂಟಿನ ಬಾಗಿಲು ತಳ್ಳಿದಿರಿ. ತನಿಖಾಧಿಕಾರಿ ಎದುರಿಗೆ ಕೂರಿಸಿಕೊಂಡು ಮರ್ಯಾದೆಯಿಂದಲೇ ತಿವಿದ ಹಾಗೆ. ಇಂಗ್ಲಿಷ್ ‘ಯೂ’ನಲ್ಲಿ ಆ ಮರ್ಯಾದೆಯ ಚುಚ್ಚು ಹಾರಿಹೋಗುತ್ತೆ.

ಗಾಳಿಪಟ
ಒಣಕಲು ಅನ್ನೋರು ‘ಲೆತ್ರಾಂಜೆ’ ಮೊದಲ ಭಾಗದ ಕೊನೇ ಎರಡು ಪುಟ ಮತ್ತೆ ಓದಿ. ಅಲ್ಲಿವರೆಗೆ ಉಪಮೆ ವಿರಳ. ಸಮುದ್ರದ ದಂಡೆಯಲ್ಲಿ ಬಿಸಿಲು ಏರಿದ ಕೂಡಲೇ ಸೂರ್ಯನ ತಾಳ, ಚಾಕುವಿನ ಬೆಳಕು ಕತ್ತಿಯಾಗೋದು, ಒಂದರ ಮೇಲೊಂದು ರೂಪಕ ನುಗ್ಗುತ್ತೆ. ಮೊದಲು ಒಂದು ಗುಂಡು. ಆಮೇಲೆ ಬಿದ್ದ ದೇಹಕ್ಕೆ ನಾಲ್ಕು, ದುರದೃಷ್ಟದ ಬಾಗಿಲಿಗೆ ನಾಲ್ಕು ಸಲ ಬಡಿದ ಹಾಗೆ. ಆ ಐದನ್ನ ತನಿಖೆ ಮಾಡೋ ನ್ಯಾಯಾಧೀಶ ಎಣಿಸ್ತಾನೆ, ಒಂದಕ್ಕೂ ನಾಲ್ಕಕ್ಕೂ ನಡುವೆ ಯಾಕೆ ನಿಲ್ಲಿಸಿದೆ ಅಂತ ಕೇಳ್ತಾನೆ.

ಬಿಸಿ ಬಿಸಿ ಬೋಂಡಾ
ಸತ್ತವನಿಗೆ ಮಾತ್ರ ಹೆಸರಿಲ್ಲ. ಅರಬ, ಅಷ್ಟೇ. ಅದನ್ನೂ ಹೇಳಿ ಸ್ವಾಮಿ.

ಗಾಳಿಪಟ
ಹೇಳ್ತೀನಿ. ಅಲ್ಜೀರಿಯಾದ ಕಮೆಲ್ ದಾವೂದ್ 2013ರಲ್ಲಿ ಅದಕ್ಕೇ ಉತ್ತರ ಬರೆದದ್ದು, ‘ಮರ್ಸೋ, ಕೌಂತ್ರ್-ಆಂಕೆತ್’. ಸತ್ತವನ ತಮ್ಮ ಕಥೆ ಹೇಳ್ತಾನೆ, ಅಣ್ಣನಿಗೆ ಮೂಸಾ ಅಂತ ಹೆಸರು ಕೊಡ್ತಾನೆ. ಮೊದಲ ಸಾಲಿನಲ್ಲಿ ಅಮ್ಮ ಇನ್ನೂ ಬದುಕಿದ್ದಾಳೆ. ಎರಡನ್ನೂ ಒಂದೇ ವಾರದಲ್ಲಿ ಓದಿ, ಕಮೂ ಮೊದಲು. ತಿರುಗುಮುರುಗಾದರೆ ದಾವೂದ್‌ನ ಅರ್ಧ ಚುರುಕು ತಲೆ ಮೇಲೆ ಹಾರಿಹೋಗುತ್ತೆ.

ಮೇಜಿನ ದೀಪ
ಎರ್ನೊ ವಿಷಯಕ್ಕೆ ಬರೋಣ. ಅವರದು ಅನುವಾದದ ತೊಂದರೆ ಅಲ್ಲ, ಬೇಕಂತಲೇ ಒಣಗಿಸಿದ್ದು. ‘ಲಾ ಪ್ಲಾಸ್’ (‘ಎ ಮ್ಯಾನ್ಸ್ ಪ್ಲೇಸ್’ನ ಮೂಲ) 1983ರದ್ದು, ನೂರು ಚಿಲ್ಲರೆ ಪುಟ. ಅದರಲ್ಲೇ ಅವರು ಕಾರಣ ಕೊಡ್ತಾರೆ: ಈ ಚಪ್ಪಟೆ ಬರವಣಿಗೆ ಹಿಂದೆ ಅಪ್ಪ ಅಮ್ಮನಿಗೆ ಮುಖ್ಯ ಸುದ್ದಿ ತಿಳಿಸೋಕೆ ಬರೀತಿದ್ದ ಕಾಗದಗಳದ್ದೇ ಅಂತ. ನಾರ್ಮಂಡಿಯ ಇವ್ತೊ ಊರಲ್ಲಿ ಅಪ್ಪನದು ಕಿರಾಣಿ ಅಂಗಡಿ, ಜತೆಗೆ ಕಾಫಿ-ಮದ್ಯದ ಕಟ್ಟೆ. ಮಗಳು ಓದಿ ಮೇಷ್ಟ್ರಾದಳು. ಅಪ್ಪನ ಮೇಲೆ ರಸವತ್ತಾಗಿ ಬರೆದರೆ, ಆ ಚಂದದ ಭಾಷೆ ಅಪ್ಪನನ್ನ ಕೀಳಾಗಿ ಕಂಡ ವರ್ಗದ್ದೇ ಆಗುತ್ತೆ.

ಒಂದು ಜಾಗ ನೋಡಿ. ನೋಟರಿ ಎದುರು ಅಪ್ಪ ಕಾಗದದ ಮೇಲೆ ‘ಓದಿ ಒಪ್ಪಿದ್ದೇನೆ’ ಅಂತ ಬರೀಬೇಕು. ‘ಅಪ್ರೂವೆ’ ಕಾಗುಣಿತ ಗೊತ್ತಿಲ್ಲ, ಬಿಡಿಸಿ ‘ಆ ಪ್ರೂವೆ’ ಅಂತ ಬರೀತಾನೆ. ಕೇಳೋಕೆ ಎರಡೂ ಒಂದೇ ಥರ, ಬರೆದದ್ದರ ಅರ್ಥ ಮಾತ್ರ ‘ಓದಿದೆ, ಇನ್ನೂ ರುಜುವಾತಾಗಬೇಕು’. ದಾರಿಯುದ್ದಕ್ಕೂ ಆ ತಪ್ಪು ಅವನನ್ನ ಕೊರೆಯುತ್ತೆ. ಎರ್ನೊ ಇದಕ್ಕೆ ಕೊಟ್ಟದ್ದು ಎರಡು ಮೂರು ಸಾಲು. ಬೇರೆ ಯಾರಾದರೂ ಆಗಿದ್ದರೆ ಅಧ್ಯಾಯ ಎಳೀತಿದ್ದರು. ಸಹಿ ಹಾಕುವಾಗ ಕೈ ನಡುಗೋ ಅಪ್ಪಂದಿರು ನಮಗೇನು ಹೊಸಬರಾ? ಅದು ಒಣಕಲು ಅನಿಸಿದರೆ ಪುಸ್ತಕ ತುಂಬಾ ವೇಗವಾಗಿ ಓದಿದ್ದೀರಿ ಅಂತ ಅರ್ಥ.

ಹೊಸಪುಟ
ಇಂಗ್ಲಿಷಲ್ಲಿ ಆ ಜಾಗ ದಾಟಿಕೊಂಡೇ ಹೋಗಿದ್ದೆ 😐

ಮೇಜಿನ ದೀಪ
ಮುಂದೆ ‘ಲೆಜಾನೆ’ ತಗೊಳ್ಳಿ, 2008ರದ್ದು, ಇಂಗ್ಲಿಷಲ್ಲಿ ‘ದಿ ಇಯರ್ಸ್’, ಅನುವಾದ ಆಲಿಸನ್ ಸ್ಟ್ರೇಯರ್. ಆತ್ಮಕಥೆಯೇ, ಆದರೆ ಹೇಳೋರು ‘ನಾನು’ ಅನ್ನಲ್ಲ. ‘ಅವಳು’, ‘ನಾವು’, ಆಮೇಲೆ ಫ್ರೆಂಚಿನ ‘ಓಂ’. ಈ ‘ಓಂ’ ಅಂದ್ರೆ ಯಾರೋ, ಎಲ್ಲರೂ, ನಾವೂ ಸೇರಿ. ನಡುನಡುವೆ ಫೋಟೋಗಳ ವಿವರಣೆ, ಹಬ್ಬದ ಊಟದ ಮೇಜು. ಫೋಟೋ ಬಂದಾಗ ನಿಂತು ವರ್ಷ ಎಷ್ಟು ಅಂತ ನೋಡಿಕೊಂಡರೆ ದಾರಿ ತಪ್ಪಲ್ಲ.

ಕಾಗುಣಿತ
‘ಓಂ’ ಕನ್ನಡಕ್ಕೆ ಸುಲಭ, ನಾವು ಕರ್ತೃವನ್ನ ಬಿಟ್ಟೇ ಮಾತಾಡ್ತೀವಿ.

ತುಂಗಾತೀರ
ಕರ್ತೃ ಬಿಡಬಹುದು, ಕ್ರಿಯಾಪದದ ಬಾಲ ಬಿಡೋಕಾಗಲ್ಲ. ‘ಹೋದೆವು’ ಅಂದ ಕೂಡಲೇ ನಾವು, ‘ಹೋದರು’ ಅಂದ್ರೆ ಅವರು. ಬಾಲದಲ್ಲೇ ಸಿಕ್ಕಿಬೀಳ್ತೀರಿ.

ಕಾಗುಣಿತ
ಬಾಲ ಇಲ್ಲದ ರೂಪ ಇದೆಯಲ್ಲ: ‘ಭಾನುವಾರ ಎಲ್ಲ ಸೇರೋದು, ಊಟಕ್ಕೆ ಕೂರೋದು, ಹಿರಿಯರು ಯುದ್ಧದ ಕಾಲದ ಹಸಿವಿನ ಮಾತು ತೆಗೆಯೋದು, ಸಂಜೆಯಾದರೂ ಏಳದೇ ಇರೋದು.’ ಯಾರು ಅಂತ ಕೇಳಿ ನೋಡೋಣ. ಪದೇ ಪದೇ ನಡೀತಿತ್ತು ಅನ್ನೋ ಅರ್ಥವೂ ಪುಕ್ಕಟೆ ಬಂತು.

ತುಂಗಾತೀರ
ಇದು ಚೆನ್ನಾಗಿದೆ. ಇನ್ನೂರು ಪುಟ ‘ಸೇರೋದು-ಕೂರೋದು’ ಅಂತ ಬಾಲ ಬಡಿದುಕೊಂಡರೆ ಹೇಗಿರುತ್ತೆ ಅನ್ನೋದು ಬೇರೆ ಪ್ರಶ್ನೆ.

ಲೈನ್ ಬಜಾರ್
ನಡುವ ಒಂದು ಬ್ಯಾರೆ ಪ್ರಶ್ನೆ. ಫ್ರೆಂಚ್ ಕಾದಂಬರಿಗೆ ಕೊಡೂ ಗೊಂಕೂರ್ ಬಹುಮಾನ ಅಂದ್ರ ರೊಕ್ಕ ಎಷ್ಟ್ರೀ?

ಲಿಯೋಂ ಚಳಿ
ಹತ್ತು ಯೂರೋ. ತಮಾಷೆ ಅಲ್ಲ. 1903ರಿಂದ ಕೊಡ್ತಿದ್ದಾರೆ, ಹತ್ತು ಜನ ತೀರ್ಪುಗಾರರು, ಪ್ಯಾರಿಸ್‌ನ ದ್ರುವಾಂ ಹೋಟೆಲಲ್ಲಿ ಸೇರಿ ಪ್ರಕಟಿಸ್ತಾರೆ. ದುಡ್ಡು ಬರೋದು ಆಮೇಲಿನ ಮಾರಾಟದಿಂದ. ಪ್ರಕಾಶಕರು ಪುಸ್ತಕಕ್ಕೆ ಕೆಂಪು ಕಾಗದದ ಪಟ್ಟಿ ಸುತ್ತುತ್ತಾರೆ, ಒಳಗಿನ ಮುಖಪುಟ ಅನೇಕ ಸಲ ಬರೀ ಕೆನೆಬಣ್ಣ. ಆನ್‌ಲೈನ್ ಆಫರ್ ಹುಡುಕಬೇಡಿ. 1981ರ ಲಾಂಗ್ ಕಾಯ್ದೆ ಪ್ರಕಾರ ಹೊಸ ಪುಸ್ತಕಕ್ಕೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡೋ ಹಾಗಿಲ್ಲ. ಪಾಕೆಟ್ ಆವೃತ್ತಿ ಬರೋವರೆಗೆ ಕಾಯೋದೇ ದಾರಿ.

ಬಿಸಿ ಬಿಸಿ ಬೋಂಡಾ
ಒಬ್ಬರಿಗೆ ಒಂದೇ ಸಲ ಅನ್ನೋ ನಿಯಮಕ್ಕೆ ಚಳ್ಳೆಹಣ್ಣು ತಿನ್ನಿಸಿದವನು ರೊಮೇನ್ ಗಾರಿ. 1956ರಲ್ಲಿ ಸ್ವಂತ ಹೆಸರಲ್ಲಿ, 1975ರಲ್ಲಿ ಎಮಿಲ್ ಅಜಾರ್ ಅನ್ನೋ ಕಳ್ಳಹೆಸರಲ್ಲಿ. ಇಪ್ಪತ್ತು ಯೂರೋ 😎

ಕಾಗುಣಿತ
ಆಗ ಯೂರೋ ಇರಲಿಲ್ಲ.

ಗಾಳಿಪಟ
ಉಎಲ್‌ಬೆಕ್ ಅನ್ನೋ ಈಗಿನ ಕಾದಂಬರಿಕಾರನ ಬಗ್ಗೆ ಯಾರೂ ಮಾತಾಡ್ತಿಲ್ಲ?

ಮೇಜಿನ ದೀಪ
ಬೇಡ. ಆ ದಾರಿ ಹಿಡಿದರೆ ಈ ಎಳೆ ನಾಳೆವರೆಗೂ ಮುಗಿಯಲ್ಲ. ಒಣಕಲುತನಕ್ಕೆ ಸಂಬಂಧಪಟ್ಟ ಒಂದೇ ಮಾತು: 2010ರಲ್ಲಿ ಗೊಂಕೂರ್ ಬಂದ ‘ಲಾ ಕಾರ್ತ್ ಎ ಲ ತೆರಿತ್ವಾರ್’ನಲ್ಲಿ ನೊಣದ ವಿವರಣೆ ಫ್ರೆಂಚ್ ವಿಕಿಪೀಡಿಯಾದಿಂದ ಎತ್ತಿದ್ದು ಅಂತ ಆಗಲೇ ಗಲಾಟೆ ಆಗಿತ್ತು. ಅವನ ಗದ್ಯದ ಮಧ್ಯೆ ಅದು ಕಣ್ಣಿಗೆ ಬೀಳದೇ ಕೂತಿತ್ತು, ಹೊಗಳಿಕೆಯೋ ತೆಗಳಿಕೆಯೋ ನೀವೇ ಹೇಳಿ.

ಅಂಚೆಪೆಟ್ಟಿಗೆ 560
ಒಣ ವರದಿ ಅಂದ್ರೆ ಏನು ಮಾಡಬಲ್ಲದು ಅಂತ ನೋಡೋಕೆ ಕಾದಂಬರಿಕಾರ ಮೊದಿಯಾನೊನ ‘ದೋರಾ ಬ್ರುಡೆ’ ಓದಿ, 1997. ಶುರುವಾಗೋದು 1941ರ ಡಿಸೆಂಬರ್ 31ರ ‘ಪಾರಿ-ಸ್ವಾರ್’ ಪತ್ರಿಕೆಯ ಕಾಣೆಯಾದವರ ಪ್ರಕಟಣೆಯಿಂದ. 15 ವರ್ಷದ ಹುಡುಗಿ, ಎತ್ತರ 1.55 ಮೀಟರ್, ಬೂದು ಕೋಟು, ಕೆಂಪು-ಕಂದು ಸ್ವೆಟರ್, ತಂದೆತಾಯಿಯ ವಿಳಾಸ 41, ಓರ್ನಾನೊ ಬೀದಿ. ಅವಳು ಹುಟ್ಟಿದ ದಿನ ಪತ್ತೆ ಮಾಡೋಕೆ ನಾಲ್ಕು ವರ್ಷ, ಹುಟ್ಟಿದ ಜಾಗಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು ಅಂತ ಲೇಖಕ ಲೆಕ್ಕ ಒಪ್ಪಿಸ್ತಾನೆ. 1942ರ ಸೆಪ್ಟೆಂಬರಿನಲ್ಲಿ ಅಪ್ಪನ ಜತೆ ನಾಜಿಗಳ ಸಾವಿನ ಶಿಬಿರ ಔಶ್ವಿಟ್ಸ್‌ಗೆ ಸಾಗಿಸಿದ್ದರು. ಅವಳು ಓಡಿಹೋಗಿದ್ದ ತಿಂಗಳುಗಳಲ್ಲಿ ಎಲ್ಲಿದ್ದಳು ಅನ್ನೋದು ಸಿಗಲ್ಲ. ಮೊದಿಯಾನೊ ಅಲ್ಲಿ ಕಲ್ಪಿಸಿ ತುಂಬಲ್ಲ, ಖಾಲಿ ಬಿಡ್ತಾನೆ. ಪ್ಯಾರಿಸ್‌ನ ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿ, ಇಲ್ಲದಿದ್ದರೆ ಬೀದಿ ಹೆಸರುಗಳೇ ಹೊಟ್ಟೆ ಕೆಡಿಸುತ್ತವೆ.

ಚದುರಂಗ ಮನೆ
ಪೆರೆಕ್ ಅರ್ಧಕ್ಕೆ ಬಿಟ್ಟದ್ದು ಯಾಕೆ ಅಂತ ಹೇಳ್ತೀನಿ: ಸಾಮಾನಿನ ಪಟ್ಟಿಗಳನ್ನೆಲ್ಲ ಒಂದೇ ಗಮನದಿಂದ ಓದಿರ್ತೀರಿ. ಪುಸ್ತಕದ ಕೊನೆಯಲ್ಲಿ ಕಟ್ಟಡದ ನಕ್ಷೆ ಇದೆ, ಅಲ್ಲೊಂದು ಬುಕ್‌ಮಾರ್ಕ್ ಇಡಿ, ಪ್ರತಿ ಅಧ್ಯಾಯಕ್ಕೂ ಯಾವ ಮನೆ ಅಂತ ನೋಡಿ. ಕಟ್ಟಡವನ್ನ 10×10 ಚೌಕ ಮಾಡಿದ್ದಾನೆ, ಚದುರಂಗದ ಕುದುರೆ ನಡಿಗೆಯಲ್ಲಿ ಮನೆಯಿಂದ ಮನೆಗೆ ಹಾರ್ತಾನೆ. ನೂರು ಮನೆಗೆ ನೂರು ಅಧ್ಯಾಯ ಬೇಕಿತ್ತು, ಇರೋದು 99. ಒಂದು ನೆಲಮಾಳಿಗೆ ಬೇಕಂತಲೇ ಬಿಟ್ಟದ್ದು.

ಒಳಗಿನ ಕಥೆ ಬಾರ್ಟಲ್‌ಬೂತ್‌ನದು. ಹತ್ತು ವರ್ಷ ಜಲವರ್ಣ ಕಲಿಕೆ, ಇಪ್ಪತ್ತು ವರ್ಷ ಊರೂರು ಸುತ್ತಿ ಎರಡು ವಾರಕ್ಕೊಂದರಂತೆ 500 ಬಂದರುಗಳ ಚಿತ್ರ, ಪ್ರತಿಯೊಂದನ್ನೂ 750 ತುಂಡಿನ ಪಜಲ್ ಮಾಡಿಸೋದು. ವಾಪಸು ಬಂದು ಇಪ್ಪತ್ತು ವರ್ಷ ಜೋಡಿಸೋದು, ಆಮೇಲೆ ಚಿತ್ರ ಬರೆದ ಬಂದರಿಗೇ ಕಳಿಸಿ ಬಣ್ಣ ತೊಳೆದು ಬಿಳಿ ಹಾಳೆ ಮಾಡೋದು. 439ನೆಯದರಲ್ಲಿ ಸಾಯ್ತಾನೆ. ಉಳಿದ ಸಂದಿ ಎಕ್ಸ್ ಆಕಾರ, ಕೈಯಲ್ಲಿದ್ದ ತುಂಡು ಡಬ್ಲ್ಯೂ ಆಕಾರ. ತುಂಡು ಕತ್ತರಿಸಿದವನು ಬಹಳ ಹಿಂದೆಯೇ ಇಟ್ಟ ಬತ್ತಿ ಅದು.

ತುಂಗಾತೀರ
ಕುದುರೆ ನಡಿಗೆ ನಮಗೇನು ಹೊಸದಲ್ಲ. ಒಂಬತ್ತನೇ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ತುರಗಪದ ಇದೆ, ಶ್ಲೋಕದ ಅಕ್ಷರಗಳನ್ನ ಚೌಕದಲ್ಲಿ ತುಂಬಿ ಕುದುರೆ ಹಾರಿಸಿದರೂ ಅದೇ ಶ್ಲೋಕ.

ಬಿಸಿ ಬಿಸಿ ಬೋಂಡಾ
ಬಂತಪ್ಪ ‘ಎಲ್ಲ ನಮ್ಮಲ್ಲೇ ಇತ್ತು’ 🙏

ಚದುರಂಗ ಮನೆ
ಇಲ್ಲಿ ನಿಜವಾಗಿಯೂ ಇತ್ತು. ಪೆರೆಕ್‌ನ 1969ರ ‘ಲಾ ದಿಸ್ಪಾರಿಸ್ಯೋಂ’ ನೋಡಿ, ಸುಮಾರು 300 ಪುಟ, ‘ಇ’ (e) ಅಕ್ಷರವೇ ಇಲ್ಲ. ಫ್ರೆಂಚಿನಲ್ಲಿ ಅತಿ ಹೆಚ್ಚು ಬರೋ ಅಕ್ಷರ ಅದು. ನಮ್ಮ ಕಡೆ ದಂಡಿಯ ‘ದಶಕುಮಾರಚರಿತ’ದ ಏಳನೇ ಉಚ್ಛ್ವಾಸದಲ್ಲಿ ಪ-ಫ-ಬ-ಭ-ಮ ಇಲ್ಲ, ಹೇಳುವವನ ತುಟಿಯನ್ನ ನಲ್ಲೆ ಕಚ್ಚಿರ್ತಾಳೆ. ಅವಧಾನದ ನಿಷಿದ್ಧಾಕ್ಷರಿ ಕೂಡ ಇದೇ ವಂಶ. ವ್ಯತ್ಯಾಸ ಇಷ್ಟು: ಅಲ್ಲಿ ಪೃಚ್ಛಕ ಹೆಜ್ಜೆಹೆಜ್ಜೆಗೂ ಅಡ್ಡ ಹಾಕ್ತಾನೆ, ಪೆರೆಕ್ ಮೊದಲೇ ತನಗೆ ತಾನೇ ಬೇಲಿ ಹಾಕಿಕೊಂಡ.

ಅದು ಬರೀ ಕಸರತ್ತಲ್ಲ. ಪೆರೆಕ್‌ನ ಅಪ್ಪ 1940ರಲ್ಲಿ ಯುದ್ಧದಲ್ಲಿ ಸತ್ತ, ಅಮ್ಮನನ್ನ 1943ರಲ್ಲಿ ಔಶ್ವಿಟ್ಸ್‌ಗೆ ಸಾಗಿಸಿದರು. ‘ಇ’ ಇಲ್ಲದೆ ಫ್ರೆಂಚಿನಲ್ಲಿ ‘ಪೇರ್’ (ಅಪ್ಪ), ‘ಮೇರ್’ (ಅಮ್ಮ) ಬರೆಯೋಕಾಗಲ್ಲ. ‘ಪೆರೆಕ್’ ಕೂಡ ಆಗಲ್ಲ. ಆ ಅಕ್ಷರದ ಹೆಸರನ್ನ ಫ್ರೆಂಚಿನಲ್ಲಿ ಹೇಳಿದರೆ ‘ಅವರು’ ಅನ್ನೋ ಪದದ ಹಾಗೆ ಕೇಳುತ್ತೆ.

ಕಾಗುಣಿತ
ಕನ್ನಡದಲ್ಲಿ ಬರೆದರೆ ಯಾವ ಅಕ್ಷರ ಬಿಡೋದು? ‘ಅ’ ಬಿಡಿ ನೋಡೋಣ, ಬರೀ ಅಕ್ಷರ ಅಲ್ಲ, ಸ್ವರವನ್ನೇ. ತಲೆಕಟ್ಟಿನ ಕ, ಗ, ತ, ದ ಎಲ್ಲ ಹೋಯ್ತು. ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜ, ಅಜ್ಜಿ ಒಬ್ಬರೂ ಇಲ್ಲ. ‘ತಾಯಿ’ ಉಳೀತಾಳೆ, ‘ತಂದೆ’ ಉಳಿಯಲ್ಲ. ‘ಮಾಡಲು’, ‘ಮಾಡಿದ’, ‘ಮನೆಯಲ್ಲಿ’ ಎಲ್ಲ ಔಟ್. ಅವನು, ಅವಳು, ಅವರು ಪೂರ್ತಿ ಮಾಯ. ಫ್ರೆಂಚಿನಲ್ಲಿ ‘ಅವರು’ ಅನ್ನೋದು ಶ್ಲೇಷೆ ಮಾತ್ರ, ಕನ್ನಡದಲ್ಲಿ ನಿಜಕ್ಕೂ ಹೋಗಿಬಿಡ್ತಾರೆ.

ಮೇಜಿನ ದೀಪ
‘ಆಕೆ’ ಉಳೀತಾಳೆ. ‘ಹೋದರು’ ಹೋಗುತ್ತೆ, ಆಡುಮಾತಿನ ‘ಹೋದ್ರು’ ಉಳಿಯುತ್ತೆ. ‘ಹೋಗುತ್ತಾರೆ’ಗೂ ತೊಂದರೆ ಇಲ್ಲ.

ಲೈನ್ ಬಜಾರ್
ರಾಮೂ, ನೀನು ಊರಿಗೆ ಹೋಗು, ಹೂವು ಮಾರು, ದುಡ್ಡು ತಾ, ಬೇಗ ಬಾ.

ಕಾಗುಣಿತ
‘ಬೇಗ’ದ ‘ಗ’ದಲ್ಲಿ ಸಿಕ್ಕಿಬಿದ್ರಿ.

ಹೊಸಪುಟ
ನನ್ನದೂ ಒಂದು: ತಾಯಿ ಊರಿಗೆ ಹೋಗಿದ್ದಾಳೆ. ನಾನು ಇಲ್ಲೇ ಇದ್ದೇನೆ. ಬಾಗಿಲು ಮುಚ್ಚಿಲ್ಲ.

ಚದುರಂಗ ಮನೆ
ಕೊನೇ ಅಕ್ಷರ ನೋಡಿ. ‘ಇಲ್ಲ’ದಲ್ಲೇ ‘ಅ’ ಇದೆ, ಈ ಆಟದಲ್ಲಿ ‘ಇಲ್ಲ’ ಅನ್ನೋ ಹಾಗೇ ಇಲ್ಲ.

ಹೊಸಪುಟ
ತಾಯಿ ಊರಿಗೆ ಹೋಗಿದ್ದಾಳೆ. ನಾನು ಇಲ್ಲೇ ಇದ್ದೇನೆ. ಬಾಗಿಲು ತೆರೆದೇ ಇದೆ.